ಅಜ್ಜಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟೆ

ಕಳೆದ ಸೆಮಿಸ್ಟರ್‌ನ ಲ್ಯಾಬ್ ಪರೀಕ್ಷೆ. ವೈವಾಕ್ಕೆ ಬಂದಿದ್ದ ಎಕ್ಸ್‌ಟರ್ನಲ್ ಕೇಳಿದ್ದು ಸುಲಭದ ಪ್ರಶ್ನೆ. ‘ಡಿ-ರ‍್ಯಾಮ್‌ಗೆ ರಿಫ್ರೆಶ್ ಯಾಕಮ್ಮ ಬೇಕು?’

ಹಿಂದಿನ ರಾತ್ರಿಯಷ್ಟೇ ಅದನ್ನು ಮೂರು ಸಲ ಓದಿದ್ದೆ. ಉತ್ತರ ಎಡಗಡೆ ಪುಟದಲ್ಲಿದೆ, ಚಿತ್ರದ ಕೆಳಗಿದೆ, ಅದರ ಮೇಲೆ ಹಳದಿ ಹೈಲೈಟರ್ ಎಳೆದಿದ್ದೇನೆ ಎಂಬುದೆಲ್ಲ ಕಣ್ಣಮುಂದೆ ಬಂತು. ಉತ್ತರ ಮಾತ್ರ ಬರಲಿಲ್ಲ. ‘ಗೊತ್ತು ಸರ್, ಬಾಯಿಗೆ ಬರ್ತಿಲ್ಲ’ ಅಂದೆ. ‘ಮೊದಲು ನಿನ್ನ ಮೆಮೊರಿಗೇ ರಿಫ್ರೆಶ್ ಬೇಕು ನೋಡಮ್ಮ’ ಎಂದು ಅವರು ನಕ್ಕರು. ಬ್ಯಾಚಿನವರೆಲ್ಲ ನಕ್ಕರು. ನಾನೂ ನಕ್ಕೆ.

ಅದಾದ ನಾಲ್ಕು ದಿನಕ್ಕೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋದೆ. ಜಗಲಿ ಮೇಲೆ ಕೂತಿದ್ದ ಅಜ್ಜಿ ನನ್ನ ಬ್ಯಾಗು, ಚಪ್ಪಲಿ, ಮುಖ ಎಲ್ಲವನ್ನೂ ನೋಡಿ, ನಗುನಗುತ್ತಲೇ ಕೇಳಿದಳು, ‘ಯಾರ ಮಗಳವ್ವ ನೀನು?’

ಪಿಯುಸಿ ಮುಗಿಯುವ ತನಕ ದಿನಾ ಬೆಳಿಗ್ಗೆ ಜಡೆ ಹಾಕಿ ನನ್ನನ್ನು ಕಾಲೇಜಿಗೆ ಕಳಿಸಿದ ಅಜ್ಜಿ ಅವಳು. ಈ ಸಲ ನನಗೆ ನಗು ಬರಲಿಲ್ಲ.

ಮನೆಯೇ ಪರೀಕ್ಷಾ ಕೊಠಡಿ

ಅಜ್ಜಿಯ ಮರೆವು ಅವತ್ತು ಶುರುವಾಗಿದ್ದಲ್ಲ. ವರ್ಷದಿಂದ ಉಪ್ಪು ಎರಡೆರಡು ಸಲ ಹಾಕುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದಳು. ‘ಅರವತ್ತಕ್ಕೆ ಅರಳುಮರಳು, ಅಜ್ಜಿಗೆ ಎಪ್ಪತ್ತಾರು’ ಎಂದು ನಾವೆಲ್ಲ ಸುಮ್ಮನಿದ್ದೆವು. ಒಂದು ದಿನ ತೋಟಕ್ಕೆ ಹೋದವಳು ದಾರಿ ತಪ್ಪಿ ಪಕ್ಕದೂರಿನ ಬಸ್‌ ಸ್ಟ್ಯಾಂಡಿನಲ್ಲಿ ಕೂತಿದ್ದಳು. ಆಮೇಲೇ ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ಅಲ್ಝೈಮರ್ ಅಂದರು.

ರೋಗದ ಹೆಸರು ಗೊತ್ತಾದ ಮೇಲೆ ನಮ್ಮ ಮನೆ ಪರೀಕ್ಷಾ ಕೊಠಡಿಯಾಯಿತು. ಬಂದ ನೆಂಟರೆಲ್ಲ ಅಜ್ಜಿಯ ಮುಂದೆ ನಿಂತು ‘ನಾನ್ಯಾರು ಹೇಳು ನೋಡಾನ?’ ಎಂದು ಕೇಳುವರು. ಅತ್ತೆ ಬಂದರೆ ‘ಇವತ್ತು ಯಾವ ವಾರ?’ ಅಪ್ಪ ಊಟವಾದ ಮೇಲೆ ‘ಏನು ಊಟ ಮಾಡ್ದೆ?’ ಅಜ್ಜಿ ಎಲ್ಲರ ಮುಖ ನೋಡಿ, ‘ಗೊತ್ತು ಬಿಡವ್ವ, ನಿಮ್ದೆಲ್ಲ ಇದೇ ಆಯ್ತು’ ಎಂದು ಸೆರಗು ಸರಿಮಾಡಿಕೊಳ್ಳುವಳು. ‘ಗೊತ್ತು ಸರ್, ಬಾಯಿಗೆ ಬರ್ತಿಲ್ಲ’ ಅಂದಿದ್ದೆನಲ್ಲ, ಇದೂ ಅದೇ ಉತ್ತರ ಎಂದು ಆಗ ನನಗೆ ಹೊಳೆಯಲಿಲ್ಲ.

ಎಲ್ಲರಿಗಿಂತ ಹೆಚ್ಚು ತಪ್ಪು ಮಾಡಿದವಳು ನಾನೇ. ವೈವಾದ ಅವಮಾನದ ಮೇಲೆ ನೆನಪಿನ ಶಕ್ತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಓದಿದ್ದನ್ನು ಅಜ್ಜಿಯ ಮೇಲೆ ಪ್ರಯೋಗಿಸಿದೆ.

ಗಂಟೆಯೊಳಗೆ ಅರ್ಧ ಖಾಲಿ

ಮರೆವನ್ನು ಮೊದಲು ಅಳೆದು ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಮಾಡಿಕೊಂಡು, ಅದನ್ನು ತಾವೇ ಬಾಯಿಪಾಠ ಮಾಡಿ, ಗಂಟೆ ಬಿಟ್ಟು, ದಿನ ಬಿಟ್ಟು, ತಿಂಗಳು ಬಿಟ್ಟು ಎಷ್ಟು ಉಳಿದಿದೆ ಎಂದು ನೋಡಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಒಂದು ದಿನಕ್ಕೆ ಉಳಿದಿದ್ದು ಸುಮಾರು ಮೂರನೇ ಒಂದು ಭಾಗ. ಆದರೆ ತಿಂಗಳಾದ ಮೇಲೂ ಐದನೇ ಒಂದು ಭಾಗದಷ್ಟು ಇತ್ತು. ಅಂದರೆ ಮರೆವು ಮೊದಲು ಓಡುತ್ತದೆ, ಆಮೇಲೆ ನಡೆಯುತ್ತದೆ. ರಾತ್ರಿ ಮಾತ್ರ ಓದಿ ಬೆಳಿಗ್ಗೆ ಪರೀಕ್ಷೆ ಬರೆಯುವ ನಮ್ಮ ಪಾಲಿಗೆ ಬರುವುದು ಅದು ಓಡುವ ಹೊತ್ತು.

ನಮ್ಮ ತಲೆಯೊಳಗೆ ಆಗುವುದು ಸ್ಥೂಲವಾಗಿ ಇಷ್ಟು. ಕಣ್ಣು, ಕಿವಿಯಿಂದ ಬಂದದ್ದು ಕೆಲವು ಸೆಕೆಂಡು ಮಾತ್ರ ಕೈಗೆಟಕುವಂತೆ ಇರುತ್ತದೆ. ಅದರಲ್ಲಿ ಗಮನ ಕೊಟ್ಟಿದ್ದನ್ನು ಹಿಪ್ಪೊಕ್ಯಾಂಪಸ್ ಎಂಬ ಭಾಗ ಹಿಡಿದಿಟ್ಟುಕೊಳ್ಳುತ್ತದೆ. ಕಿವಿಯ ಮೇಲಿನ ನೇರಕ್ಕೆ, ಮೆದುಳಿನ ಒಳಗೆ, ಎರಡೂ ಬದಿಗೆ ಒಂದೊಂದಿದೆ. ದಿನಗಳು ಕಳೆದಂತೆ, ಅದರಲ್ಲೂ ನಿದ್ದೆಯಲ್ಲಿ, ಆ ನೆನಪು ಮೆದುಳಿನ ಹೊರಪದರದಲ್ಲಿ ನೆಲೆಯಾಗುತ್ತದೆ. ನರಕೋಶಗಳ ನಡುವಿನ ಕೊಂಡಿಗಳು ಗಟ್ಟಿಯಾಗುವುದೇ ಕಲಿಕೆ. ಸಮುದ್ರದ ಒಂದು ಬಗೆಯ ಬಸವನಹುಳುವಿನಲ್ಲಿ ಇದನ್ನು ತೋರಿಸಿದ ಎರಿಕ್ ಕ್ಯಾಂಡೆಲ್ 2000ದಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ನಿದ್ದೆಗೆಟ್ಟು ಓದುವವರು ಓದಿದ್ದು ನೆಲೆಯಾಗುವ ಹೊತ್ತನ್ನೇ ಕಳೆದುಕೊಳ್ಳುತ್ತೇವೆ.

ಹಾಗಾದರೆ ಹೇಗೆ ಓದಬೇಕು? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಅವರಿಗೆ ಶೇ 42ರಷ್ಟು ನೆನಪಿತ್ತು, ಪುಸ್ತಕ ಮುಚ್ಚಿ ಬರೆದವರಿಗೆ ಶೇ 56. ನನ್ನ ಹಳದಿ ಹೈಲೈಟರ್ ಮೋಸ ಮಾಡಿದ್ದು ಇಲ್ಲೇ. ಪುಟ ಪರಿಚಯವಾಗಿತ್ತು, ಉತ್ತರ ಕಲಿತಿರಲಿಲ್ಲ.

ಅಂದಹಾಗೆ, ಆ ವೈವಾದ ಉತ್ತರವೂ ಇದೇ. ಡಿ-ರ‍್ಯಾಮ್‌ನಲ್ಲಿ ಒಂದೊಂದು ಬಿಟ್ ಒಂದೊಂದು ಪುಟ್ಟ ಕೆಪಾಸಿಟರ್‌ನಲ್ಲಿ ಚಾರ್ಜ್ ಆಗಿ ಕೂತಿರುತ್ತದೆ. ಆ ಚಾರ್ಜ್ ಸೋರುತ್ತಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಓದಿ ಮತ್ತೆ ಬರೆಯಬೇಕು. ನೆನಪೂ ಹಾಗೆಯೇ, ಹೊರತೆಗೆದಾಗೆಲ್ಲ ಇನ್ನೊಮ್ಮೆ ಬರೆದಂತಾಗುತ್ತದೆ.

ಇಷ್ಟು ತಿಳಿದ ಮೇಲೆ ನನಗೆ ಭಾರಿ ಹುಮ್ಮಸ್ಸು. ದಿನಾ ಪ್ರಶ್ನೆ ಕೇಳಿದರೆ ಅಜ್ಜಿಯ ನೆನಪೂ ಗಟ್ಟಿಯಾಗುತ್ತದೆ ಅಂದುಕೊಂಡೆ. ಆಲ್ಬಂನಿಂದ ಇಪ್ಪತ್ತು ಫೋಟೊ ತೆಗೆದು, ದಿನಾ ಸಂಜೆ ಕೂರಿಸಿಕೊಂಡು ‘ಇದ್ಯಾರು? ಇದ್ಯಾರು?’ ಎಂದು ಕೇಳತೊಡಗಿದೆ.

ಮೂರನೇ ದಿನ ಅಜ್ಜಿ ತನ್ನ ತಮ್ಮನ ಫೋಟೊ ಹಿಡಿದುಕೊಂಡಳು. ಗುರುತು ಸಿಕ್ಕಿತು ಎಂದು ನನಗೆ ಖುಷಿ. ‘ಇವ್ನು ಈ ಸಲ ಗೌರಿ ಹಬ್ಬಕ್ಕೆ ಬರಲೇ ಇಲ್ವಲ್ಲ, ಯಾವಾಗ ಬತ್ತಾನೆ?’ ಅಂದಳು. ‘ಚಿಕ್ಕ ತಾತ ತೀರ್ಕೊಂಡು ಆರು ವರ್ಷ ಆಯ್ತಲ್ಲ ಅಜ್ಜಿ’ ಅಂದೆ. ಅಜ್ಜಿ ಅವತ್ತೇ ಸುದ್ದಿ ಬಂದವಳಂತೆ ಅತ್ತಳು. ಮರುದಿನ ಅದೇ ಫೋಟೊ, ಅದೇ ಪ್ರಶ್ನೆ, ನನ್ನ ಅದೇ ಉತ್ತರ. ಅಜ್ಜಿ ಮತ್ತೆ ಅಷ್ಟೇ ಅತ್ತಳು. ಅಮ್ಮ ಒಳಗಿಂದ ಬಂದು ಫೋಟೊಗಳನ್ನು ನನ್ನ ಕೈಯಿಂದ ಕಿತ್ತುಕೊಂಡು ಬೀರುವಿನಲ್ಲಿಟ್ಟಳು. ಏನೂ ಬೈಯಲಿಲ್ಲ.

ಐವತ್ತೈದು ವರ್ಷದ ಇವತ್ತು

ನಾನು ಎಲ್ಲಿ ತಪ್ಪಿದೆ ಎಂದು ಅರ್ಥವಾಗಿದ್ದು ಹೆನ್ರಿ ಮೊಲೈಸನ್ ಅವರ ಕತೆ ಓದಿದಾಗ. ಅಮೆರಿಕದ ಈ ವ್ಯಕ್ತಿಗೆ ತೀವ್ರ ಮೂರ್ಛೆರೋಗ. 1953ರಲ್ಲಿ, 27ನೇ ವಯಸ್ಸಿನಲ್ಲಿ, ಶಸ್ತ್ರಚಿಕಿತ್ಸೆ ಮಾಡಿ ಅವರ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗ ತೆಗೆದರು. ಮೂರ್ಛೆ ಕಡಿಮೆಯಾಯಿತು. ಬುದ್ಧಿ, ಮಾತು ಚೆನ್ನಾಗಿಯೇ ಇದ್ದವು. ಆದರೆ ಅಲ್ಲಿಂದಾಚೆಗೆ ನಡೆದದ್ದು ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೆ 55 ವರ್ಷ ಅವರು ಹಾಗೆಯೇ ಬದುಕಿದರು. ಅವರನ್ನು ಅಧ್ಯಯನ ಮಾಡಿದ ಕೆನಡಾದ ವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವರ ಪಾಲಿಗೆ ಹೊಸಬರೇ.

ಮಿಲ್ನರ್ ಅವರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಆಕಾರದ ಮೇಲೆ ಗೆರೆ ಎಳೆಯಬೇಕು. ನೀವೂ ಮಾಡಿ ನೋಡಿ, ಪೆನ್ಸಿಲ್ ಹೇಳಿದ ಕಡೆ ಹೋಗುವುದಿಲ್ಲ. ಹೆನ್ರಿ ಮೂರು ದಿನದಲ್ಲಿ ಅದನ್ನು ಸಲೀಸಾಗಿ ಮಾಡತೊಡಗಿದರು. ಹಿಂದೆ ಮಾಡಿದ್ದು ಮಾತ್ರ ಅವರಿಗೆ ಒಂದಿಷ್ಟೂ ನೆನಪಿರಲಿಲ್ಲ. ನೆನಪು ಒಂದೇ ಪೆಟ್ಟಿಗೆಯಲ್ಲಿಲ್ಲ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ನಡೆದ ಘಟನೆಯ ನೆನಪು ಬೇರೆ, ಕೈ ಕಲಿತ ಕೆಲಸದ ನೆನಪು ಬೇರೆ. ಮೊದಲನೆಯದಕ್ಕೆ ಹಿಪ್ಪೊಕ್ಯಾಂಪಸ್ ಬೇಕೇಬೇಕು.

ಅಲ್ಝೈಮರ್ ಸಾಮಾನ್ಯವಾಗಿ ಮೊದಲು ಕೈಹಾಕುವುದು ಈ ಹಿಪ್ಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕಕ್ಕೇ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ 51 ವರ್ಷದ ಆಗುಸ್ಟೆ ಡೀಟರ್ ಎಂಬಾಕೆ ಬಂದರು. ಡಾ. ಅಲೋಯ್ಸ್ ಅಲ್ಝೈಮರ್ ಆಕೆಯ ಹೆಸರು, ಗಂಡನ ಹೆಸರು ಕೇಳಿ, ಕೊಟ್ಟ ಉತ್ತರಗಳನ್ನು ಬರೆದಿಟ್ಟುಕೊಂಡರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಪ್ರೊಟೀನಿನ ಗಂಟುಗಳು, ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಕಂಡವು. ಅದು ಹಟವಲ್ಲ, ಸೋಮಾರಿತನವಲ್ಲ, ಅರಳುಮರಳೂ ಅಲ್ಲ, ರೋಗ.

ನಾನು ಮರೆತಿದ್ದಕ್ಕೂ ಅಜ್ಜಿ ಮರೆತಿದ್ದಕ್ಕೂ ಇರುವ ವ್ಯತ್ಯಾಸ ಇದೇ. ನನ್ನದು ಸೋರಿದ ಚಾರ್ಜ್, ರಿಫ್ರೆಶ್ ಮಾಡಿದರೆ ಆಯಿತು. ಅಜ್ಜಿಯದು ಕೆಪಾಸಿಟರೇ ಸುಟ್ಟಿರುವುದು. ಎಷ್ಟು ಸಲ ಬರೆದರೂ ಅಲ್ಲಿ ನಿಲ್ಲುವುದಿಲ್ಲ. ಡಾಕ್ಟರು ಕೇಳುವ ಪ್ರಶ್ನೆಗೆ ಉದ್ದೇಶವಿದೆ. ರೋಗದ ಶುರುವಿನಲ್ಲಿ ತರಬೇತಿ ಪಡೆದವರು ಮಾಡಿಸುವ ಅಭ್ಯಾಸಗಳೂ ಇವೆ. ನಾವು ಮಾಡುತ್ತಿದ್ದದ್ದು ಅದ್ಯಾವುದೂ ಅಲ್ಲ. ದಿನಕ್ಕೆ ಇಪ್ಪತ್ತು ಸಲ ವೈವಾ ನಡೆಸಿ, ಇಪ್ಪತ್ತು ಸಲವೂ ಫೇಲ್ ಮಾಡಿ ಕಳಿಸುತ್ತಿದ್ದೆವು. ಒಂದು ವೈವಾಕ್ಕೇ ನಾನು ರಾತ್ರಿಯೆಲ್ಲ ಅತ್ತಿದ್ದೆ.

ಚುಕ್ಕಿ ತಪ್ಪದ ರಂಗೋಲಿ

ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟೆ. ಏನು ಬಿಡುತ್ತೀಯ ಎಂದು ಕೇಳಲಿಲ್ಲ. ಅಜ್ಜಿ ಬಗ್ಗಿ, ಹದಿಮೂರು ಚುಕ್ಕಿಯಿಂದ ಶುರುಮಾಡಿ ಒಂದಕ್ಕೆ ಇಳಿಸಿ, ಎಳೆ ಸೇರಿಸಿ, ಕೊನೆಗೆ ಮೂಲೆಗೊಂದು ಹೂವಿಟ್ಟಳು. ಒಂದು ಚುಕ್ಕಿ ತಪ್ಪಲಿಲ್ಲ. ಹೆನ್ರಿಯವರ ನಕ್ಷತ್ರ ನಮ್ಮ ಅಂಗಳದಲ್ಲೇ ಇತ್ತು. ಅಜ್ಜಿಗೆ ಇಲ್ಲದ್ದನ್ನು ಹುಡುಕುವ ಗಡಿಬಿಡಿಯಲ್ಲಿ ನಾವು ಇದ್ದದ್ದನ್ನು ನೋಡಿರಲಿಲ್ಲ.

ತಮ್ಮನನ್ನು ಕೇಳಿದಾಗಲೂ ಈಗ ಸಾವಿನ ಸುದ್ದಿ ಹೇಳುವುದಿಲ್ಲ. ‘ಚಿಕ್ಕ ತಾತ ಅಂದ್ರೆ ನಿಂಗೆ ಬಲು ಇಷ್ಟ ಅಲ್ವಾ’ ಅನ್ನುತ್ತೇನೆ. ಅಜ್ಜಿ ಸೈಕಲ್ಲಿನಲ್ಲಿ ಬಾಗಿನ ಹೊತ್ತು ತಂದವನ ಕತೆ ಶುರುಮಾಡುತ್ತಾಳೆ. ಹೊಸ ನೆನಪು ಮೊದಲು ಹೋಗಿ ಹಳೆಯವು ಹೆಚ್ಚು ಕಾಲ ಉಳಿಯುತ್ತವೆ ಎಂದು ಫ್ರಾನ್ಸಿನ ರಿಬೋ 1881ರಲ್ಲೇ ಬರೆದಿದ್ದರು. ಆ ಕತೆಯಲ್ಲಿ ಅಜ್ಜಿಗೆ ಯಾರ ಪ್ರಾಂಪ್ಟಿಂಗೂ ಬೇಡ.

2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಅಂಥವರು ಇರಬಹುದು. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಎಲ್ಲರಿಗೂ ಇದ್ದದ್ದೇ. ಕನ್ನಡಕ ಯಾತಕ್ಕೆ ಎಂದೇ ಮರೆತರೆ, ಗೊತ್ತಿರುವ ದಾರಿ ತಪ್ಪಿದರೆ, ಅರಳುಮರಳು ಎಂದು ನಮ್ಮಂತೆ ವರ್ಷ ಕಾಯಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ಪೂರ್ತಿ ವಾಸಿಯಾಗದಿದ್ದರೂ ಬೇಗ ತಿಳಿದಷ್ಟೂ ಮನೆಯವರಿಗೆ ಸಿದ್ಧರಾಗಲು ಸಮಯ ಸಿಗುತ್ತದೆ. ಆಮೇಲೆ ಎದುರಿಗೆ ಹೋಗಿ ‘ನಾನ್ಯಾರು ಹೇಳು’ ಅನ್ನಬೇಡಿ. ನೀವೇ ಹೇಳಿಬಿಡಿ.

ಕಾಲೇಜಿಗೆ ವಾಪಸು ಹೊರಟ ದಿನ ಬಸ್ಸಿಗೆ ತಡವಾಗಿತ್ತು. ‘ಅಜ್ಜಿ, ನಾನು ನಿನ್ನ ಮಗನ ಮಗಳು, ಹೋಗ್ಬತ್ತೀನಿ’ ಎಂದು ಕಾಲಿಗೆ ಬಿದ್ದೆ. ಎದ್ದಾಗ ಅಜ್ಜಿ ನನ್ನ ಕೂದಲು ನೋಡಿ, ‘ಇದೇನವ್ವ ಹಿಂಗ್ ಬಿಟ್ಕೊಂಡಿದೀಯ, ಬಾ ಇಲ್ಲಿ’ ಎಂದು ಎಳೆದು ಕೂರಿಸಿಕೊಂಡಳು. ಮೂರು ಕಾಲು ಮಾಡಿ, ಮೊದಲಿನಷ್ಟೇ ಬಿಗಿಯಾಗಿ ಹೆಣೆಯತೊಡಗಿದಳು. ಅರ್ಧ ಜಡೆಗೆ ಬಂದಾಗ ಕೇಳಿದಳು, ‘ಯಾರ ಮಗಳವ್ವ ನೀನು?’

ಇನ್ನೊಂದು ಸಲ ಹೇಳಿದೆ. ಆ ಬಸ್ಸು ಹೋಯಿತು, ಮುಂದಿನದಕ್ಕೆ ಹೊರಟೆ.