ನರ್ಸಿಂಗ್ ಕಾಲೇಜುಗಳ ಗಡಿದಾಟಿದ ನಂಟು

ನರ್ಸಿಂಗ್ ಶಿಕ್ಷಣ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ತಡವಾಗಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯ 1909ರಲ್ಲಿ ನರ್ಸಿಂಗ್ ಶಾಲೆ ತೆರೆದ ಮೇಲೂ ಬಹುಕಾಲ ನರ್ಸ್‌ಗಳ ತರಬೇತಿ ಆಸ್ಪತ್ರೆಗಳ ಕೈಯಲ್ಲೇ ಇತ್ತು. ಕಾಲೇಜು ತೆರೆಯಬೇಕೆಂದರೆ ಪಾಠ ಹೇಳುವವರು ಬೇಕು; ಅವರನ್ನು ತಯಾರು ಮಾಡುವ ಸೌಲಭ್ಯ ಹೆಚ್ಚಿನ ದೇಶಗಳಲ್ಲಿ ಇರಲಿಲ್ಲ. ಈ ಕೊರತೆ ನೀಗಿಸಲು ರೆಡ್ ಕ್ರಾಸ್ ಸಂಘಗಳ ಒಕ್ಕೂಟ 1920ರಲ್ಲಿ ಲಂಡನ್ನಿನಲ್ಲಿ ಒಂದು ಕೋರ್ಸ್ ಶುರುಮಾಡಿತು. ಮುಂದೆ ಬೆಡ್‌ಫರ್ಡ್ ಕಾಲೇಜಿನಲ್ಲಿ ನಡೆದ ಈ ಕೋರ್ಸಿಗೆ ನಾನಾ ದೇಶಗಳ ನರ್ಸ್‌ಗಳು ಬಂದು ಕಲಿತರು. ಊರಿಗೆ ಮರಳಿದ ಮೇಲೂ 'ಓಲ್ಡ್ ಇಂಟರ್‌ನ್ಯಾಷನಲ್ಸ್' ಎಂಬ ಹೆಸರಿನಲ್ಲಿ ನಂಟು ಉಳಿಸಿಕೊಂಡರು. ಎರಡನೇ ಮಹಾಯುದ್ಧ ಬಂದು ಕೋರ್ಸ್ ನಿಂತಿತು.

ಭಾರತದಲ್ಲಿ ಬಿ.ಎಸ್ಸಿ. ನರ್ಸಿಂಗ್ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ವೆಲ್ಲೂರಿನ ನರ್ಸಿಂಗ್ ಶಾಲೆಯನ್ನು 1909ರಲ್ಲಿ ಕಟ್ಟಿದವರು ಅಮೆರಿಕದ ಮಿಷನರಿ ಕುಟುಂಬದ ವೈದ್ಯೆ ಐಡಾ ಸ್ಕಡರ್. ಆ ಕಾಲದ ಸಹಕಾರವೆಂದರೆ ಹೆಚ್ಚಾಗಿ ಹೀಗೆಯೇ: ಪಶ್ಚಿಮದಿಂದ ಬಂದವರು ಕಲಿಸುವುದು, ಇಲ್ಲಿಯವರು ಕಲಿಯುವುದು.

ರುವಾಂಡ ಈ ರೂಢಿಯನ್ನು ಬದಲಿಸಲು ಹೊರಟಿತು. 1994ರ ನರಮೇಧದ ನಂತರ ಅಲ್ಲಿ ನುರಿತ ವೈದ್ಯರಿಗೂ ನರ್ಸ್‌ಗಳಿಗೂ ತೀವ್ರ ಅಭಾವ. ನರ್ಸ್‌ಗಳಲ್ಲಿ ಬಹುತೇಕರದು ಪ್ರೌಢಶಾಲೆ ಮಟ್ಟದ ತರಬೇತಿ. 2012ರಲ್ಲಿ ಸರ್ಕಾರ ಅಮೆರಿಕದ ಹಲವು ವಿಶ್ವವಿದ್ಯಾಲಯಗಳೊಂದಿಗೆ ಯೋಜನೆಯೊಂದನ್ನು ಹಾಕಿಕೊಂಡಿತು. ಹಣ ಅಮೆರಿಕದ್ದಾದರೂ ಅದು ರುವಾಂಡದ ಆರೋಗ್ಯ ಸಚಿವಾಲಯದ ಮೂಲಕವೇ ಹಂಚಿಕೆಯಾಯಿತು. ಯಾವ ವಿಷಯಕ್ಕೆ ಎಷ್ಟು ಮಂದಿ ಬೇಕೆಂದು ಹೇಳುವ ಬಲ ಆತಿಥೇಯರ ಕೈಗೆ ಬಂತು. ಬಂದ ಶಿಕ್ಷಕರನ್ನು ಸ್ಥಳೀಯ ಶಿಕ್ಷಕರ ಜೊತೆಗೆ ಜೋಡಿಮಾಡುವುದು ಯೋಜನೆಯ ಜೀವಾಳ. ಎಲ್ಲ ಜೋಡಿಗಳೂ ಕೂಡಿಬರಲಿಲ್ಲ. ಆದರೂ ಜೋಡಿ ಹಾಕುವ ವಿಚಾರ ಸರಿಯಾದದ್ದೇ. ವಾರದ ಉಪನ್ಯಾಸ ಕೊಟ್ಟು ವಿಮಾನ ಹತ್ತುವವರಿಂದ ಹೆಚ್ಚೇನೂ ಉಳಿಯುವುದಿಲ್ಲ. ಒಂದೇ ಹಾಸಿಗೆಯ ಪಕ್ಕ ಇಬ್ಬರೂ ನಿಂತಾಗ ಕಲಿಕೆ ಎರಡೂ ಕಡೆಗೆ ಹರಿಯುತ್ತದೆ. ಮಾನಿಟರ್ ನೋಡಿಯೇ ಅಭ್ಯಾಸವಾದ ಶಿಕ್ಷಕಿಗೆ ಮಾನಿಟರ್ ಇಲ್ಲದ ವಾರ್ಡಿನಲ್ಲಿ ಕೈಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ರೋಗಿಯ ಉಸಿರು ಎಣಿಸುವುದು, ಎದೆ ಒಳಸೆಳೆಯುತ್ತಿದೆಯೇ ಎಂದು ಗಮನಿಸುವುದು ಮತ್ತೆ ರೂಢಿಯಾಗುತ್ತದೆ.

ಶಿಕ್ಷಕರು ಓಡಾಡದೆಯೂ ತಿಳಿವಳಿಕೆ ಹಂಚಿಕೊಳ್ಳಬಹುದು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 1996ರಲ್ಲಿ ಆರಂಭವಾದ ಜೊವಾನಾ ಬ್ರಿಗ್ಸ್ ಸಂಸ್ಥೆ, ಯಾವ ಶುಶ್ರೂಷಾ ವಿಧಾನಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಸಂಶೋಧನೆಗಳಿಂದ ಸೋಸಿ ತೆಗೆಯುತ್ತದೆ. ಹಲವು ದೇಶಗಳ ಕೇಂದ್ರಗಳು ಇದರಲ್ಲಿ ಕೈಜೋಡಿಸಿವೆ. ಇತ್ತೀಚೆಗೆ ಎರಡು ದೇಶಗಳ ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಒಂದೇ ರೋಗಿಯ ಉದಾಹರಣೆ ಹಿಡಿದು ಆರೈಕೆಯ ಯೋಜನೆ ಬರೆಯುವ ಕ್ರಮವೂ ಬಂದಿದೆ. ಖರ್ಚು ಕಡಿಮೆ, ಆದರೆ ಸಮಯ ಹೊಂದಿಸುವುದೇ ತಾಪತ್ರಯ: ನ್ಯೂಯಾರ್ಕಿನಲ್ಲಿ ಬೆಳಗಿನ ತರಗತಿ ಶುರುವಾಗುವಾಗ ಬೆಂಗಳೂರಿನಲ್ಲಿ ಸಂಜೆಯಾಗಿರುತ್ತದೆ. ಮೇಲಾಗಿ ಸೂಜಿ ಚುಚ್ಚುವ ಕೈ ಪರದೆಯ ಮೇಲೆ ಪಳಗುವುದಿಲ್ಲ.

ಒಳ್ಳೆಯ ತರಬೇತಿ ವಲಸೆಗೂ ದಾರಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಎಂಟು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ಅಥವಾ ಕಲಿತ ದೇಶದ ಹೊರಗೆ ದುಡಿಯುತ್ತಿದ್ದರು. ಬಡ ದೇಶ ಖರ್ಚುಮಾಡಿ ಕಲಿಸುತ್ತದೆ, ಫಲ ಸಿಗುವುದು ಶ್ರೀಮಂತ ದೇಶದ ವಾರ್ಡಿಗೆ. ನರ್ಸ್‌ಗಳನ್ನು ಕರೆಸಿಕೊಳ್ಳುವ ದೇಶಗಳು ಕಳಿಸುವ ದೇಶಗಳ ತರಬೇತಿಗೂ ನೆರವಾಗಬೇಕೆಂದು ಅದೇ ಸಂಸ್ಥೆ 2010ರಲ್ಲಿ ಅಂಗೀಕರಿಸಿದ ನೇಮಕಾತಿ ಸಂಹಿತೆ ಹೇಳುತ್ತದೆ. ಅದನ್ನು ಪಾಲಿಸಲೇಬೇಕೆಂಬ ಕಾನೂನಿನ ಕಟ್ಟುಪಾಡು ಮಾತ್ರ ಇಲ್ಲ.