ಅಕೃಷ್ಟಪಚ್ಯ: ಉಳದ ನೆಲದ ಹಣ್ಣು-ಕಾಯಿಪಲ್ಲೆ

‘ಕೃಷಿ’ ಎಂಬ ಪದವು ಉಳು, ಎಳೆ ಎಂಬರ್ಥದ ‘ಕೃಷ್’ ಧಾತುವಿನಿಂದ ನಿಷ್ಪನ್ನವಾದುದು. ಆದುದರಿಂದ ಉಳದೆ ಮಾಡುವ ಕೃಷಿಯೆಂಬುದು ವಿರೋಧಾಭಾಸವಾಗಿ ತೋರುವುದು ಸಹಜ. ಆದರೆ ಉಳದ ನೆಲದಲ್ಲಿ ಪಕ್ವವಾಗುವ ಬೆಳೆಗೆ ‘ಅಕೃಷ್ಟಪಚ್ಯ’ವೆಂಬ ಹೆಸರು ಪ್ರಾಚೀನರಲ್ಲಿಯೇ ಇತ್ತು. ರುದ್ರಾಭಿಷೇಕದಲ್ಲಿ ಪಠಿಸುವ ಚಮಕವು ಉತ್ತು ಬೆಳೆದುದನ್ನೂ ಉಳದೆ ಬೆಳೆದುದನ್ನೂ ಜೊತೆಯಾಗಿಯೇ ಬೇಡುತ್ತದೆ.

ಈ ಕಾಲದಲ್ಲಿ ಆ ಮಾರ್ಗವನ್ನು ಲೋಕಕ್ಕೆ ತೋರಿದವರು ಜಪಾನಿನ ಮಸನೊಬು ಫುಕುವೋಕಾ (1913–2008). ಅವರು ತಮ್ಮ ಕಿತ್ತಳೆ ತೋಟದ ಗಿಡಗಳ ನಡುವೆ ಮೂಲಂಗಿ ಮೊದಲಾದ ಕಾಯಿಪಲ್ಲೆಗಳನ್ನು ಉಳದೆಯೇ ಬೆಳೆದರು. 1975ರಲ್ಲಿ ಪ್ರಕಟವಾದ ಅವರ ಗ್ರಂಥವು ‘ಒಂದು ಹುಲ್ಲಿನ ಕ್ರಾಂತಿ’ಯೆಂದು ಕನ್ನಡಕ್ಕೂ ಬಂದಿದೆ. ಮೊದಲು ತೋಟವನ್ನು ಸುಮ್ಮನೆ ಬಿಟ್ಟಾಗ ಕೊಂಬೆಗಳು ಹೆಣೆದುಕೊಂಡು ಅನೇಕ ಗಿಡಗಳು ಒಣಗಿದುವು. ಉಪೇಕ್ಷೆ ಬೇರೆ, ಸಹಜ ಕೃಷಿ ಬೇರೆ ಎಂಬುದನ್ನು ಅವರು ಅದರಿಂದಲೇ ಅರಿತರು.

ಬೆಲ್ಲದ ಪೇಟೆಯೆಂದು ಹೆಸರಾದ ಮಹಾಲಿಂಗಪುರದ ಸುತ್ತಿನ ಎರೆ ಭೂಮಿಗೆ ಈ ವಿಚಾರವು ವಿಶೇಷವಾಗಿ ಸಲ್ಲುವುದು. ಇಲ್ಲಿ ಕಬ್ಬು ಕಡಿದ ಮೇಲೆ ಎಕರೆಗೆ ಸುಮಾರು 3–4 ಟನ್ನು ರವದಿ ಉಳಿಯುತ್ತದೆ. ಅದಕ್ಕೆ ಬೆಂಕಿಯಿಟ್ಟರೆ ನೆಲಕ್ಕೆ ಸೇರಬೇಕಾದ ಇಂಗಾಲವೂ ಸಾರಜನಕವೂ ಹೊಗೆಯಾಗಿ ಹೋಗುವುವು. ಅತಿಯಾಗಿ ನೀರುಂಡ ಎರೆಯಲ್ಲಿ ತೇವವು ಆರುವಾಗ ಲವಣಗಳು ಮೇಲಕ್ಕೆ ಬಂದು ನೆಲವು ಸವಳಾಗುವುದು. ಹೊದಿಕೆಯುಳ್ಳ ನೆಲದಲ್ಲಿ ತೇವವು ನಿಧಾನವಾಗಿ ಆರುವುದರಿಂದ ಲವಣದ ಏರಿಕೆಯೂ ತಗ್ಗುತ್ತದೆ.

ಐದು ಗುಂಟೆಯಲ್ಲಿ ಇದನ್ನು ಆರಂಭಿಸಬಹುದು. ಮೊದಲು ಕರಿಕೆ, ಜೇಕುಗಳನ್ನು ಗಡ್ಡೆಸಹಿತ ತೆಗೆಯಬೇಕು. ಇವು ಉಳಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಬಳಿಕ 3–4 ಅಡಿ ಅಗಲದ ಮಡಿಗಳನ್ನು ಮಾಡಿ, ಅವುಗಳ ಮೇಲೆ ಎಂದೂ ಕಾಲಿಡದೆ, ನಾಲ್ಕಾರು ಅಂಗುಲ ರವದಿಯನ್ನು ಹೊದಿಸಬೇಕು. ರವದಿಯು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹೀರುವುದರಿಂದ ಆರಂಭದಲ್ಲಿ ಸಸಿಗಳು ಹಳದಿಯಾಗುವುದುಂಟು. ಸಗಣಿ ಗಂಜಲದ ನೀರು, ಅಲಸಂದೆ ಅವರೆಗಳ ಮಿಶ್ರಬೆಳೆ ಇದಕ್ಕೆ ಪರಿಹಾರ. ಮೂಲಂಗಿಯ ಬೇರು ರಂಟೆಯಂತೆ ನೆಲವನ್ನು ಸಡಿಲಿಸುವುದು. ಬದನೆ, ಮೆಣಸಿನ ಗಿಡಗಳನ್ನು ಫಲ ಮುಗಿದ ಮೇಲೆ ಕೀಳದೆ ಬುಡದಲ್ಲಿ ಕೊಯ್ದರೆ, ಬೇರು ಕೊಳೆತ ಜಾಡಿನಲ್ಲಿ ಗಾಳಿಯೂ ನೀರೂ ಸಂಚರಿಸುವುವು. ಅಂಚಿನಲ್ಲಿ ಪೇರಲ, ಲಿಂಬೆ, ನುಗ್ಗೆಗಳು ಸಲ್ಲುವುವು. ಆದರೆ ಹೊದಿಕೆಯು ಅವುಗಳ ಕಾಂಡಕ್ಕೆ ತಾಗಬಾರದು.

ಈ ವಿಧಾನವು ಸರ್ವರೋಗಕ್ಕೂ ಮದ್ದಲ್ಲ. ನೀರು ನಿಲ್ಲುವ ಜವಳು ನೆಲಕ್ಕೆ ಬಸಿಗಾಲುವೆಯೇ ಮೊದಲ ಚಿಕಿತ್ಸೆ. ಒಣ ಹೊದಿಕೆಗೆ ಗೆದ್ದಲು ಹತ್ತುವುದುಂಟು; ಮೊದಲೆರಡು ವರ್ಷ ಫಲವೂ ಕಡಮೆಯಾಗಬಹುದು. ಸಾಲ ಮಾಡಿ ಕಬ್ಬು ಹಚ್ಚಿದ ರೈತನು ಇಡೀ ಹೊಲವನ್ನು ಒಮ್ಮೆಗೇ ಬದಲಿಸಲಾರನು, ಬದಲಿಸಲೂಬಾರದು. ಮನೆಗೆ ಬೇಕಾದ ಕಾಯಿಪಲ್ಲೆಯ ಐದು ಗುಂಟೆಯಲ್ಲಿ ಪರೀಕ್ಷಿಸುವುದೇ ವಿವೇಕ.

ಶಾಲೆಯ ಕೈತೋಟದಲ್ಲಿಯೂ ಎರಡು ಮಡಿ ಸಾಕು: ಒಂದು ಅಗೆದದ್ದು, ಒಂದು ಹೊದಿಸಿದ್ದು. ವರ್ಷಾಂತ್ಯದಲ್ಲಿ ಮಕ್ಕಳು ಎರಡರಲ್ಲಿಯೂ ಎರೆಹುಳುಗಳನ್ನು ಎಣಿಸಲಿ. ಹನ್ನೆರಡನೆಯ ಶತಮಾನದ ಶರಣ ಒಕ್ಕಲಿಗ ಮುದ್ದಣ್ಣನವರಿಗೆ ಒಕ್ಕಲುತನವೇ ಕಾಯಕವಾಗಿತ್ತು. ನೆಲದಿಂದ ಪಡೆದುದರಲ್ಲಿ ಒಂದು ಪಾಲನ್ನು ನೆಲಕ್ಕೇ ಹಿಂದಿರುಗಿಸುವುದೂ ದಾಸೋಹವೇ. ರವದಿಯನ್ನು ಸುಡದಿರುವುದು ಅದರ ಮೊದಲ ಹೆಜ್ಜೆ.