ಮೊಸಳೆ ಹೆಸರಿನ ಶರಬತ್ತು

ಮೂರು ಗಂಟೆ ಆಡಿದರೂ ನಮ್ಮ ಹುಡುಗರು ಮೂತ್ರಕ್ಕೇ ಹೋಗಲ್ಲವಲ್ಲ, ಯಾಕೆ?

1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಡ್ವೇನ್ ಡಗ್ಲಾಸ್ ವೈದ್ಯರ ಮುಂದಿಟ್ಟ ಪ್ರಶ್ನೆ ಇದು. ಅಮೆರಿಕದ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡ್ ಕಟ್ಟಿಕೊಂಡು, ಸುಡುಬಿಸಿಲಲ್ಲಿ ಒಬ್ಬರ ಮೇಲೊಬ್ಬರು ಬೀಳೋ ಆಟ. ಒಂದೇ ಪಂದ್ಯದಲ್ಲಿ ಏಳೆಂಟು ಕೆ.ಜಿ. ತೂಕ ಕಳೆದುಕೊಳ್ಳುವವರಿದ್ದರು. ಆಟದ ಮಧ್ಯೆ ನೀರು ಕುಡಿದರೆ ಸ್ನಾಯು ಹಿಡ್ಕೊಳ್ಳುತ್ತೆ ಅನ್ನೋ ನಂಬಿಕೆ ಬೇರೆ ಆಗಿನ ಕೋಚ್‌ಗಳಿಗಿತ್ತು!

ಪ್ರಶ್ನೆಯ ಬೆನ್ನು ಹತ್ತಿದವರು ಮೂತ್ರಪಿಂಡ ತಜ್ಞ ಡಾ. ರಾಬರ್ಟ್ ಕೇಡ್ ಮತ್ತು ಸಂಗಡಿಗರು. ಉತ್ತರ ಸರಳವಾಗಿತ್ತು. ದೇಹದ ನೀರೆಲ್ಲ ಬೆವರಾಗಿ ಹೋಗ್ತಿದೆ, ಜೊತೆಗೆ ಉಪ್ಪೂ ಹೋಗ್ತಿದೆ. ಮೂತ್ರಕ್ಕೆ ಉಳಿಯೋದಾದ್ರೂ ಏನು? ಹೋದದ್ದನ್ನು ವಾಪಸ್ ಕೊಡೋಣ ಅಂತ ನೀರಿಗೆ ಉಪ್ಪು, ಸಕ್ಕರೆ ಬೆರೆಸಿದರು. ಬಾಯಿಗೆ ಇಡೋ ಹಾಗಿರಲಿಲ್ಲ. ನಿಂಬೆರಸ ಹಿಂಡಿ ಅಂದವರು ಕೇಡ್ ಅವರ ಪತ್ನಿ ಮೇರಿ. ಉಪ್ಪು, ಸಕ್ಕರೆ, ನಿಂಬೆ! ನಮ್ಮ ಅಜ್ಜಿಯರು ನಗ್ತಿದ್ದರೇನೋ.

ಮೊದಲ ಪ್ರಯೋಗ ಹೊಸಬರ ತಂಡದ ಮೇಲೆ. ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ಹುಡುಗರು ದ್ವಿತೀಯಾರ್ಧದಲ್ಲಿ ಎದುರಾಳಿಗಳನ್ನ ಅಟ್ಟಾಡಿಸಿದರು. ಮರುದಿನ ಸುಮಾರು 39 ಡಿಗ್ರಿ ಬಿಸಿಲು. ಮುಖ್ಯ ತಂಡವೂ ಅದನ್ನೇ ಕುಡಿದು 14-7ರಿಂದ ಗೆದ್ದಿತು. ಎರಡು ಪಂದ್ಯದಿಂದ ವಿಜ್ಞಾನ ಸಾಬೀತಾಗಲ್ಲ, ನಿಜ. ಆದರೆ ಸುದ್ದಿ ಹಬ್ಬೋಕೆ ಅಷ್ಟು ಸಾಕಾಯ್ತು. ತಂಡದ ಹೆಸರು ಗೇಟರ್ಸ್, ಅಂದ್ರೆ ಮೊಸಳೆಗಳು. ಪಾನೀಯ 'ಗೇಟರೇಡ್' ಆಯ್ತು. ಮಾರಾಟದ ಹಕ್ಕು 1967ರಲ್ಲಿ ಸ್ಟೋಕ್ಲಿ-ವ್ಯಾನ್ ಕ್ಯಾಂಪ್ ಕಂಪನಿಗೆ ಹೋಯ್ತು. ದುಡ್ಡು ಬರ್ತಿದ್ದಂತೆ ಪಾಲಿಗಾಗಿ ವಿಶ್ವವಿದ್ಯಾಲಯ ಕೋರ್ಟಿಗೆ ಹೋಯ್ತು. 1972ರ ರಾಜಿಯಲ್ಲಿ ಅದಕ್ಕೆ ರಾಯಲ್ಟಿಯ ಶೇಕಡ 20. ಇವತ್ತು ಆ ಬ್ರ್ಯಾಂಡ್ ಪೆಪ್ಸಿಕೋ ಕೈಲಿದೆ.

ಈಗ ಕೊಂಚ ಹೊಟ್ಟೆಯೊಳಗೆ ಹೋಗೋಣ. ಸಣ್ಣ ಕರುಳಿನ ಗೋಡೆಯಲ್ಲಿ ಒಂದು ವಿಚಿತ್ರ ಬಾಗಿಲಿದೆ. ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಅದು ಇಬ್ಬರನ್ನೂ ಒಳಗೆ ಬಿಟ್ಕೊಳ್ಳುತ್ತೆ, ನೀರು ಹಿಂದೆಯೇ ನುಗ್ಗುತ್ತೆ. ವಾಂತಿಭೇದಿಯಲ್ಲೂ ಈ ಬಾಗಿಲು ಮುಚ್ಚೋದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರಿಗೆ ಕಾಲರಾ ಬಡಿದು, ನರಕ್ಕೆ ಹಾಕುವ ಸಲೈನ್ ಖಾಲಿಯಾದಾಗ ಡಾ. ದಿಲೀಪ್ ಮಹಲನಬಿಸ್ ನಂಬಿದ್ದು ಇದನ್ನೇ. ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ರೋಗಿಗಳ ಕಡೆಯವರ ಕೈಯಲ್ಲೇ ಕುಡಿಸಿದರು. ಶೇಕಡ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳೀತು. ಅದೇ ಓಆರ್‌ಎಸ್. ಅದಕ್ಕೆ ಅವರು ಪೇಟೆಂಟ್ ತಗೊಳ್ಳಲಿಲ್ಲ.

ಹಾಗಾದ್ರೆ ಎರಡೂ ಒಂದೇನಾ? ಖಂಡಿತ ಅಲ್ಲ. ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಆಟಗಾರರ ಪಾನೀಯದಲ್ಲಿ ಸಕ್ಕರೆ ಸುಮಾರು 60 ಗ್ರಾಂ, ಸೋಡಿಯಂ ಮಾತ್ರ ಓಆರ್‌ಎಸ್‌ನ ಕಾಲುಭಾಗದಷ್ಟು. ಓಡುವವನಿಗೆ ಸಕ್ಕರೆ ಶಕ್ತಿ ಕೊಡುತ್ತೆ. ಭೇದಿಯಾಗ್ತಿರೋ ಮಗುವಿಗೆ ಕೊಟ್ಟರೆ, ಹೀರಿಕೊಳ್ಳದೆ ಉಳಿದ ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತೆ.

ಇಷ್ಟಾದರೂ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಹಿ ಶರಬತ್ತಿನ ಡಬ್ಬಿಗಳು ಓಆರ್‌ಎಸ್ ಅನ್ನೋ ಮೂರಕ್ಷರ ಹೊತ್ತು ವರ್ಷಗಟ್ಟಲೆ ಕೂತಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಳ ಕಾಲ ಹೋರಾಡಿದರು. ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಬಳಸುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಹೊರಡಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಅಂಗಡಿಯಲ್ಲಿ ಓಆರ್‌ಎಸ್ ಕೇಳಿದಾಗ ಬಣ್ಣದ ಡಬ್ಬಿ ಕೊಟ್ಟರೆ ವಾಪಸ್ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರೋ ಪುಡಿ ಪೊಟ್ಟಣ ಕೇಳಿ, ಅದರ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ.